ಹರಾರೆಯಲ್ಲಿ ತಲೆ ತೂಗಿದ್ದು

ನಾನು ಎರಡು ಸಲ ತಲೆ ತೂಗಿದ್ದಕ್ಕೆ ಮಗಳ ಕೆಲಸ ಹೋಗುವುದರಲ್ಲಿತ್ತು. ನಮ್ಮೂರು ಮಲ್ಲಿಪಟ್ಟಣದಲ್ಲಿ ಇದನ್ನು ಹೇಳಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಗಲಿ ಬಿಡಿ. ಹರಾರೆ ನೋಡಿ ಬಂದವಳು ನಾನು, ಅವರಲ್ಲ.

ನನ್ನ ಹೆಸರು ಧನಲಕ್ಷ್ಮಿ. ಧನ ಇರುವುದು ಹೆಸರಿನಲ್ಲಿ ಮಾತ್ರ. ನಮ್ಮೂರಿನ ಪಂಚಾಕ್ಷರಯ್ಯನವರ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂಲಿ. ಬ್ಯಾರನ್ ಎಂದರೆ ಹಸಿ ಎಲೆಯನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಮನೆ. ಅಲ್ಲಿಂದ ಇಳಿಸಿದ ಎಲೆಯನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು, ಬಣ್ಣ ನೋಡಿ, ಇದು ಬ್ರೈಟು, ಇದು ಮೀಡಿಯಂ, ಇದು ಕಸ ಅಂತ ಬೇರೆ ಮಾಡುವುದು ನನ್ನ ಕೆಲಸ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಹೇಳಬಲ್ಲೆ. ಆಮೇಲೆ ಅದನ್ನು ಒತ್ತಿ ಗೋಣಿಯಲ್ಲಿ ಬೇಲು ಕಟ್ಟುತ್ತಾರೆ. ಬೇಲಿನ ಜೊತೆ ಹರಾಜಿಗೆ ಹೋಗುವವರು ಯಜಮಾನರು. ನಮ್ಮಂಥವರನ್ನು ಟೆಂಪೋ ಹತ್ತಿಸುವವರು ಯಾರು? ಹರಾಜಿನ ಜಾಗ ಊರಿಂದ ಒಂದೇ ಬಸ್ಸಿನ ದಾರಿ, ಆದರೂ ನಾನು ಒಂದು ದಿನವೂ ಕಂಡಿರಲಿಲ್ಲ.

ಮಗಳು ಮೇಘಶ್ರೀ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಗತಿ ನಡೆಯಿತು. ತೂಕ ಬರಲಿ ಎಂದು ಪಂಚಾಕ್ಷರಯ್ಯನವರೇ ಒದ್ದೆ ಸೊಪ್ಪನ್ನು ಬೇಲಿನ ಹೊಟ್ಟೆಗೆ ತುಂಬಿಸಿದರು. ಹರಾಜಿನಲ್ಲಿ ಸಿಕ್ಕಿಬಿದ್ದು ಬೇಲು ವಾಪಸು ಬಂತು. ಅಷ್ಟು ಜನ ಆಳುಗಳ ಎದುರಿಗೆ, ಧನಲಕ್ಷ್ಮಿಯ ಕೈ ಸರಿಯಿಲ್ಲ, ಕಲಬೆರಕೆ ಮಾಡಿದ್ದು ಅವಳೇ ಅಂದರು. ನಾನು ಆಯಿತು ಯಜಮಾನ್ರೆ ಅನ್ನುವ ಹಾಗೆ ತಲೆ ತೂಗಿದೆ, ಅಷ್ಟೆ. ಬಾಯಿ ಬಿಟ್ಟಿದ್ದರೆ ಮಾರನೇ ದಿನದಿಂದ ಕೆಲಸ ಇರುತ್ತಿರಲಿಲ್ಲ. ನನ್ನ ಬುತ್ತಿ ತಂದಿದ್ದ ಮೇಘಶ್ರೀ ಬಾಗಿಲಲ್ಲಿ ನಿಂತು ಎಲ್ಲಾ ನೋಡಿದಳು. ಅದರ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳು ಹಾಸನದಲ್ಲಿ ಕೃಷಿ ಓದಿದಳು. ಹುಣಸೂರಿನ ಕಡೆ ಎರಡು ವರ್ಷ ದುಡಿದಳು. ಅಲ್ಲಿಂದ ಜಿಂಬಾಬ್ವೆಯ ಹರಾರೆಯಲ್ಲಿ ಒಂದು ಸೊಪ್ಪಿನ ಕಂಪನಿ ಸೇರಿಕೊಂಡಳು. ಒಂದು ವರ್ಷ ನೋಡುತ್ತಾರಂತೆ, ಮೆಚ್ಚಿಕೊಂಡರೆ ಕಾಯಂ ಕಾಗದ ಕೊಡುತ್ತಾರಂತೆ. ಆ ವರ್ಷ ಮುಗಿಯಲು ಒಂದು ತಿಂಗಳಿದೆ ಅನ್ನುವಾಗ ನಮ್ಮಿಬ್ಬರಿಗೂ ಟಿಕೆಟ್ ಕಳಿಸುತ್ತೇನೆ ಅಂದಳು. ನನ್ನ ಗಂಡ ಮನೋಹರ, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಅಂತ ದಿನಾ ಗೂಡ್ಸ್ ಆಟೋದಲ್ಲಿ ನೂರು ಕಿಲೋಮೀಟರು ಸುತ್ತುವ ಗಂಡಸು, ವಿಮಾನ ಅಂದ ಕೂಡಲೇ ಸೊಂಟ ನೋವು ಅಂದುಬಿಟ್ಟ. ಅಕ್ಕಪಕ್ಕದವರು ಅಲ್ಲಿ ಬೀದಿಯಲ್ಲೇ ಸಿಂಹ ತಿರುಗುತ್ತವೆ ಅಂದರು. ನಾನು ಹೊರಟೆ. ಏಪ್ರಿಲ್ ತಿಂಗಳು, ನಮ್ಮಲ್ಲಿ ಸಸಿಮಡಿ ಮಾಡುವ ಹೊತ್ತು, ಬ್ಯಾರನ್ನಿನಲ್ಲಿ ನನಗೆ ಕೆಲಸವೂ ಇರಲಿಲ್ಲ.

ಹರಾರೆಯಲ್ಲಿ ಇಳಿದು ಹೊರಗೆ ಬಂದರೆ ಮೊದಲು ಕಂಡಿದ್ದು ಮಣ್ಣು. ಅರಕಲಗೂಡಿನ ನಮ್ಮ ಕೆಮ್ಮಣ್ಣೇ. ಇಷ್ಟು ದೂರ ಹಾರಿ ಬಂದು ಇದನ್ನೇ ನೋಡಬೇಕಿತ್ತೇ ಅಂತ ಮಗಳಿಗೆ ಅಂದೆ, ಅವಳು ನಕ್ಕಳು. ಸಿಂಹವೂ ಇಲ್ಲ, ಕಾಡೂ ಇಲ್ಲ. ಅಗಲವಾದ ರಸ್ತೆಗಳು, ಎರಡೂ ಕಡೆ ಮರ, ಊರ ನಡುವೆ ಕತ್ತೆತ್ತಿ ನೋಡುವಂಥ ಕಟ್ಟಡಗಳು. ರಸ್ತೆಯಲ್ಲಿ ಗುಂಡಿಗಳು ಮಾತ್ರ ನಮ್ಮವಕ್ಕಿಂತ ಏನೂ ಕಮ್ಮಿಯಿರಲಿಲ್ಲ. ಆಗಾಗ ಕರೆಂಟು ಹೋಗುತ್ತಿತ್ತು. ಬೋರ್‌ವೆಲ್ ಮುಂದೆ ಹಳದಿ ಕ್ಯಾನುಗಳ ಸಾಲು ಕಂಡಾಗ ನನಗೆ ಧೈರ್ಯವೇ ಬಂತು. ನೀರು ಹಿಡಿಯುವ ಸಾಲಿನಲ್ಲಿ ನಿಲ್ಲಲು ಯಾರೂ ನನಗೆ ಕಲಿಸಬೇಕಾಗಿಲ್ಲ.

ಮೊದಲ ವಾರವೆಲ್ಲ ಮೇಘಶ್ರೀ ನನ್ನನ್ನು ಊರು ಸುತ್ತಿಸಿದಳು. ಕೊಂಬಿ ಅಂತ ಒಂದು ಸಣ್ಣ ವ್ಯಾನು, ಊರೆಲ್ಲ ಓಡಾಡುವುದು ಅದರಲ್ಲೇ. ಮೂರು ಜನ ಕೂರುವ ಸೀಟಿಗೆ ನಾಲ್ಕು ಜನ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರು ಊರಿನ ಹೆಸರು ಕೂಗುವುದನ್ನು ಕೇಳಿ ಹಾಸನದ ಬಸ್ ಸ್ಟ್ಯಾಂಡೇ ನೆನಪಾಯಿತು. ಎಂಬಾರೆ ಅನ್ನುವ ಮಾರ್ಕೆಟ್ಟಿಗೆ ಹೋದೆವು. ಟೊಮೆಟೊ ಗುಡ್ಡೆ, ಸೊಪ್ಪಿನ ಕಟ್ಟು, ಹಳೇ ಬಟ್ಟೆಯ ಬೆಟ್ಟ. ಒಂದು ಹೆಂಗಸು ಒಣಗಿದ ಕಂಬಳಿಹುಳು ಸೇರಿನಲ್ಲಿ ಅಳೆದು ಮಾರುತ್ತಿದ್ದಳು. ರುಚಿ ನೋಡು ಅಂತ ನನ್ನ ಕೈಗೂ ಒಂದು ಇಟ್ಟಳು. ಬೇಡ ಅನ್ನಲು ನಾಚಿಕೆಯಾಗಿ ಸೆರಗಿಗೆ ಕಟ್ಟಿಕೊಂಡು ಬಂದೆ. ಮಧ್ಯಾಹ್ನ ಸಾಡ್ಜಾ ಉಂಡೆವು. ಬಿಳೀ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಬೇಯಿಸಿದ ಸೊಪ್ಪು. ನಾನು ಮುರಿದು, ಉಂಡೆ ಮಾಡಿ, ಅಭ್ಯಾಸದಂತೆ ನುಂಗಿದೆ. ಅಂಗಡಿಯವಳು ಓಡಿ ಬಂದು ಬೆನ್ನು ತಟ್ಟಿದಳು. ಅಲ್ಲಿ ಮುದ್ದೆಯನ್ನು ಅಗಿಯುತ್ತಾರೆ, ಅಗಿಯದೆ ನುಂಗಿದವಳನ್ನು ಅವಳು ಕಂಡಿರಲಿಲ್ಲ. ನಾನು ಇನ್ನೊಂದು ತುತ್ತು ನುಂಗಿ ತೋರಿಸಿದೆ.

ಇನ್ನೊಂದು ನನಗೆ ಬಲು ಹಿಡಿಸಿತು. ಅಲ್ಲಿ ಹೆತ್ತವಳನ್ನು ಹೆಸರು ಹಿಡಿದು ಕೂಗುವುದಿಲ್ಲ. ಮಾಯಿ ಅಂದರೆ ಅವ್ವ. ತೆಂಡಾಯಿ ಎಂಬ ಮಗುವಿನ ತಾಯಿ ಮಾಯಿ ತೆಂಡಾಯಿ. ನಾನು ಮಾಯಿ ಮೇಘ. ನಮ್ಮೂರಲ್ಲೂ ಮೇಘನವ್ವ ಅಂತಲೇ ಕೂಗುತ್ತಾರಲ್ಲ. ಹಾಗಾಗಿ ಅಷ್ಟು ದೊಡ್ಡ ಊರಿನಲ್ಲಿ ಯಾರು ಕೂಗಿದರೂ ನಾನು ತಿರುಗಿ ನೋಡುತ್ತಿದ್ದೆ.

ಎರಡನೇ ವಾರ ಮೇಘಶ್ರೀ ನನ್ನನ್ನು ಹರಾಜಿಗೆ ಕರೆದುಕೊಂಡು ಹೋದಳು. ಇಪ್ಪತ್ತಾರು ವರ್ಷ ಸೊಪ್ಪು ವಿಂಗಡಿಸಿದ ನನ್ನವ್ವ ಒಂದು ಸಲವಾದರೂ ಹರಾಜು ನೋಡಲಿ ಅಂತ ತನ್ನ ಮೇಲಿನ ಅಧಿಕಾರಿಯನ್ನು ಕೇಳಿ ಒಪ್ಪಿಸಿದ್ದಳಂತೆ. ಆತ ಗುಂಬೋ ಅಂತ, ಕಂಪನಿಯ ಪರವಾಗಿ ಸೊಪ್ಪು ಕೊಳ್ಳುವವನು. ಮೇಘಶ್ರೀಗೆ ಕಾಯಂ ಕಾಗದ ಕೊಡಬೇಕೋ ಬೇಡವೋ ಅಂತ ಬರೆಯುವವನೂ ಅವನೇ.

ಬೆಳಿಗ್ಗೆ ಗೇಟಿನ ಹತ್ತಿರ ರೈತರು ಬೇಲುಗಳ ಪಕ್ಕ ಕೂತು ಚಾ ಕುಡಿಯುತ್ತಿದ್ದರು. ಅಲ್ಲಿ ಒಬ್ಬ ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಎರಡೂ ಅಂಗೈ ಬಟ್ಟಲು ಮಾಡಿ ಮೆಲ್ಲಗೆ ತಟ್ಟಿ ನನಗೆ ನಮಸ್ಕಾರ ಹೇಳಿದಳು. ನಾನು ಕೈ ಮುಗಿದೆ. ಆಮೇಲೆ ಅವಳ ಅಂಗೈ ನೋಡಿದೆ. ಹಸಿ ಹೊಗೆಸೊಪ್ಪಿನ ಅಂಟು ಹತ್ತಿ ಹತ್ತಿ ಕಪ್ಪಾದ ಗೆರೆಗಳು. ಸೋಪು, ಬೂದಿ, ನಿಂಬೆಹಣ್ಣು, ಏನು ಹಾಕಿ ಉಜ್ಜಿದರೂ ಹೋಗದ ಕಪ್ಪು ಅದು. ನನ್ನ ಅಂಗೈ ಬಿಚ್ಚಿ ಅವಳದರ ಪಕ್ಕ ಇಟ್ಟೆ. ಅವಳು ಎರಡನ್ನೂ ನೋಡಿ, ನನ್ನ ಬೆರಳು ಹಿಡಿದುಕೊಂಡು ನಕ್ಕಳು.

ಆಗಲೇ ಹೇಳಿದೆನಲ್ಲ, ಆ ಮಾಯಿ ತೆಂಡಾಯಿ ಇವಳೇ. ಅಲ್ಲಿಯ ಭಾಷೆ ಅಷ್ಟಿಷ್ಟು ಕಲಿತಿದ್ದ ಮೇಘಶ್ರೀ ಅವಳ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು. ಗಂಡ ಇಲ್ಲ. ನೆಟ್ಟಿದ್ದು, ಕಿತ್ತಿದ್ದು, ಬೇಯಿಸಿದ್ದು, ವಿಂಗಡಿಸಿದ್ದು ಎಲ್ಲಾ ತಾನೇ. ಮೂರು ಬೇಲಿನಲ್ಲಿ ಎರಡು ನಿನ್ನೆ ಬಂದಷ್ಟಕ್ಕೆ ಹೋದವು. ಉಳಿದದ್ದು ಇದೊಂದು, ಇರುವುದರಲ್ಲಿ ಒಳ್ಳೆಯದು. ಆದರೆ ಲಾರಿಯಲ್ಲಿ ಬರುವಾಗ ಮಂಜು ಬಿದ್ದು ಮೇಲಿನ ಪದರ ಮಂಕಾಗಿದೆ. ಇದೂ ಹಾಗೇ ಹೋದರೆ ಬರುವ ವರ್ಷ ಹೊಲದಲ್ಲಿ ಏನೂ ಇಡುವುದಿಲ್ಲ, ಇಲ್ಲಿಗೆ ಸಾಕು ಅಂದಳಂತೆ.

ಹರಾಜಿನ ಶೆಡ್ಡು ಎಷ್ಟು ದೊಡ್ಡದು ಅಂದರೆ ನಮ್ಮೂರು ಅದರೊಳಗೆ ಹಿಡಿಸಿ ಜಾಗ ಮಿಗುತ್ತಿತ್ತು. ಧೂಳು ಹತ್ತದಿರಲಿ ಅಂತ ಮೇಘಶ್ರೀ ತನ್ನ ಕಂಪನಿಯ ಹೆಸರಿದ್ದ ಖಾಕಿ ಕೋಟನ್ನು ನನ್ನ ಸೀರೆಯ ಮೇಲೆ ತೊಡಿಸಿದಳು. ಸಾಲು ಸಾಲು ಬೇಲು. ಒಂದು ಕಡೆ ಹರಾಜು ಕೂಗುವವನು ಮಂತ್ರ ಹೇಳಿದ ಹಾಗೆ ಉಸಿರು ಬಿಡದೆ ಕೂಗುತ್ತಾ ನಡೆಯುತ್ತಾನೆ. ಇನ್ನೊಂದು ಕಡೆ ಕೊಳ್ಳುವವರು ಅವನ ಜೊತೆ ಜೊತೆಗೇ ಹೆಜ್ಜೆ ಹಾಕುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಒಬ್ಬ ಹುಬ್ಬು ಹಾರಿಸುತ್ತಾನೆ, ಒಬ್ಬ ಬೆರಳು ಎತ್ತುತ್ತಾನೆ, ಒಬ್ಬ ತಲೆ ಅಲುಗಿಸುತ್ತಾನೆ. ಅಷ್ಟರಲ್ಲೇ ಬೇಲು ಹೋಗಿರುತ್ತದೆ. ಹಿಂದೆ ಬರುವವನು ಚೀಟಿಯ ಮೇಲೆ ಬೆಲೆಯನ್ನೂ ಕಂಪನಿಯ ಗುರುತನ್ನೂ ಬರೆಯುತ್ತಾನೆ. ಇದನ್ನೆಲ್ಲ ಮೇಘಶ್ರೀ ನನಗೆ ಹೇಳಿದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು, ನಾನು ಗುಂಬೋ ಪಕ್ಕದಲ್ಲಿ ನಡೆಯುತ್ತಿದ್ದೇನೆ, ಮುಂದೆ ಸೊಪ್ಪಿದೆ, ಇಷ್ಟೇ.

ಮಾಯಿ ತೆಂಡಾಯಿಯ ಬೇಲು ಬರುವ ಹೊತ್ತಿಗೆ ಗುಂಬೋಗೆ ಫೋನ್ ಬಂತು, ಅವನು ಪಕ್ಕಕ್ಕೆ ಸರಿದ. ಮೇಘಶ್ರೀ ಹಿಂದೆ ಯಾರದೋ ಕಾಗದ ನೋಡುತ್ತಿದ್ದಳು. ಮಂಕು ಎಲೆ ನೋಡಿ ಕೊಳ್ಳುವವರು ಮುಂದಕ್ಕೆ ಹೆಜ್ಜೆ ಇಟ್ಟರು. ನನಗೆ ಸಿಟ್ಟು ಬಂತು. ಮೇಲಿನ ಎಲೆ ನೋಡಿ ಬೇಲು ಅಳೆಯುವವರು ಎಂಥ ಗಿರಾಕಿಗಳು? ಬಗ್ಗಿ ಪಕ್ಕದಿಂದ ಕೈ ತೂರಿಸಿ ಒಳಗಿನ ಒಂದು ಎಲೆ ಎಳೆದೆ. ಕಿತ್ತಳೆ ಬಣ್ಣ, ಮೈ ತುಂಬ ಎಣ್ಣೆಯ ಹೊಳಪು, ಬೆರಳಿಗೆ ಸುತ್ತಿದರೆ ಮುರಿಯದಷ್ಟು ಮೆತ್ತಗೆ. ಇಂಥ ಎಲೆ ಕೈಗೆ ಬಂದರೆ ನಾವು ಏನು ಮಾಡುತ್ತೇವೆ? ಭೇಷ್ ಅಂತ ತಲೆ ತೂಗುತ್ತೇವೆ. ನಾನೂ ತೂಗಿದೆ. ಕೂಗುವವನು ನನ್ನ ಕೋಟು ನೋಡಿದ, ನನ್ನ ಮುಖ ನೋಡಿದ, ದನಿ ಏರಿಸಿದ. ಎದುರಿನ ಕಂಪನಿಯವನು ಬೆರಳೆತ್ತಿದ. ಕೂಗುವವನು ಮತ್ತೆ ನನ್ನನ್ನೇ ನೋಡಿದ. ಚೆನ್ನಾಗಿದೆಯಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು, ಇನ್ನೂ ಜೋರಾಗಿ ತೂಗಿದೆ. ಅಲ್ಲಿಗೆ ಮುಗಿಯಿತು. ನನ್ನ ಹಿಂದೆ ಮಾಯಿ ತೆಂಡಾಯಿ ಎರಡೂ ಕೈ ಬಾಯಿಗೆ ಇಟ್ಟುಕೊಂಡಳು. ಆ ಸಾಲಿನಲ್ಲೇ ಅಷ್ಟು ಬೆಲೆ ಯಾವ ಬೇಲಿಗೂ ಬಂದಿರಲಿಲ್ಲವಂತೆ.

ಗುಂಬೋ ಬಂದು ಚೀಟಿ ನೋಡಿದ. ಮೇಘಶ್ರೀ ಓಡಿ ಬಂದಳು. ಅವರಿಬ್ಬರು ಇಂಗ್ಲಿಷಿನಲ್ಲಿ ಏನೋ ಆಡಿಕೊಂಡರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಮೆಲ್ಲಗೆ, ನಾನು ತಲೆ ತೂಗಿದ್ದೇ ಬೆಲೆ ಏರಿಸಿದಂತಾಗಿ ಬೇಲು ಕಂಪನಿಯ ಹೆಸರಿಗೆ ಬಿದ್ದಿದೆ ಅಂತ ಬಿಡಿಸಿ ಹೇಳಿದಳು. ಗುಂಬೋ ಕೇಳುತ್ತಿರುವುದು ಒಂದೇ ಪ್ರಶ್ನೆ. ಗೊತ್ತಿದ್ದು ತಲೆ ತೂಗಿದ್ದೋ, ಗೊತ್ತಿಲ್ಲದೆಯೋ? ಗೊತ್ತಿಲ್ಲದೆ ಅಂದರೆ ಈಗಲೇ ಚೀಟಿ ಹರಿದು ಬೇಲನ್ನು ಸಾಲಿನ ಕೊನೆಗೆ ಹಾಕುತ್ತಾರೆ, ನಮ್ಮ ಮೇಲೆ ಏನೂ ಬರುವುದಿಲ್ಲ. ಗೊತ್ತಿದ್ದೇ ಅಂದರೆ ಕೊಂಡಿದ್ದು ಕೊಂಡಂತೆ. ಆದರೆ ಕಂಪನಿಯ ಕೋಟು ತೊಡಿಸಿ ಹೊರಗಿನವರ ಕೈಲಿ ಕೊಳ್ಳಿಸಿದ ತಪ್ಪು ಮೇಘಶ್ರೀಯ ಹೆಸರಿನಲ್ಲಿ ಬರೆದುಕೊಳ್ಳುತ್ತಾರೆ.

"ಬರ್ಕೊಂಡ್ರೆ ನಿನ್ ಕೆಲ್ಸ ಏನಾಯ್ತದೆ ಮಗ?" ಅಂದೆ.

"ಹೋದ್ರೂ ಹೋಗ್ಬೌದು ಕಣವ್ವ."

ನಾನು ಮಾಯಿ ತೆಂಡಾಯಿಯ ಕಡೆ ನೋಡಿದೆ. ಅವಳಿಗೆ ಕನ್ನಡ ಬರುವುದಿಲ್ಲ, ಆದರೆ ಚೀಟಿಯ ಮೇಲೆ ಇಟ್ಟ ಕಣ್ಣು ಎತ್ತಿರಲಿಲ್ಲ. ಆ ಎಲೆ ಆ ಬೆಲೆಗೆ ತಕ್ಕದ್ದು. ಅದು ನನ್ನ ಬೆರಳಿಗೆ ಗೊತ್ತಿತ್ತು. ಮೇಲಿನ ಪದರ ನೋಡಿ ಇನ್ನೊಂದು ಸಲ ಕೂಗಿದರೆ ಅದು ಮಣ್ಣಿನ ಬೆಲೆಗೆ ಹೋಗುತ್ತದೆ, ಅದೂ ಗೊತ್ತಿತ್ತು. ಒಂದು ಕಡೆ ಆ ಕಪ್ಪು ಅಂಗೈ. ಇನ್ನೊಂದು ಕಡೆ ನನ್ನ ಮಗಳು, ಬೀದಿ ದೀಪದ ಕೆಳಗಲ್ಲದಿದ್ದರೂ ಸೊಪ್ಪಿನ ಘಾಟಿನಲ್ಲಿ ಕೂತು ಓದಿ ಇಲ್ಲಿಯವರೆಗೆ ಬಂದವಳು. ನನ್ನನ್ನು ಯಾರಾದರೂ ಬೈದರೆ ಬೈಯಲಿ, ನಾನು ಮಗಳ ಕಡೆಗೇ ಹೋದೆ.

"ಗೊತ್ತಾಗ್ದೆ ತಲೆ ತೂಗ್ಬುಟ್ಲು ಅಂತ ಯೋಳು," ಅಂದೆ. ಹೇಳಿ ನೆಲ ನೋಡುತ್ತಾ ನಿಂತೆ.

ಮೇಘಶ್ರೀ ಇಂಗ್ಲಿಷಿನಲ್ಲಿ ಮಾತಾಡಿದಳು. ನಾನು ಹೇಳಿದ್ದು ಒಂದು ಸಾಲು, ಅವಳು ಹೇಳಿದ್ದು ಉದ್ದವಾಗಿತ್ತು. ಇಂಗ್ಲಿಷಿನಲ್ಲಿ ಎಲ್ಲವೂ ಉದ್ದ ಆಗುತ್ತದೇನೋ ಅಂದುಕೊಂಡೆ. ಗುಂಬೋ ಬೇಲಿನ ಒಳಗೆ ಕೈ ಹಾಕಿ ನಾನು ಎಳೆದ ಜಾಗದಿಂದಲೇ ಒಂದು ಎಲೆ ತೆಗೆದ. ಬೆಳಕಿಗೆ ಹಿಡಿದ, ಮೂಸಿ ನೋಡಿದ, ನನ್ನನ್ನು ಒಂದು ಸಲ ನೋಡಿದ. ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನ ಬೇಲಿಗೆ ಹೋದ. ಚೀಟಿ ಹಾಗೇ ಇತ್ತು. ಆಮೇಲೆ ಹರಿಯುತ್ತಾರೇನೋ ಅಂತ ನಾನು ಮಗಳ ಹಿಂದೆ ನಡೆದೆ.

ಮಧ್ಯಾಹ್ನ ಹೊರಗೆ ಮರದ ಕೆಳಗೆ ಕೂತಿದ್ದಾಗ ಮಾಯಿ ತೆಂಡಾಯಿ ನಮ್ಮನ್ನು ಹುಡುಕಿಕೊಂಡು ಬಂದಳು. ಬಂದವಳೇ ನನ್ನ ಮುಂದೆ ಮಂಡಿಯೂರಿ ಅಂಗೈ ತಟ್ಟಿದಳು. ನನಗಿಂತ ಹಿರಿಯಳು ಹಾಗೆ ಕೂತರೆ ನನಗೆ ಹೇಗಾಗಬೇಡ? ಅದೂ ಅವಳ ಬೇಲನ್ನು ನಾನು ಕೈಬಿಟ್ಟ ದಿನ. ಎತ್ತಲು ಹೋದರೆ ಅವಳು ಏಳಲಿಲ್ಲ. ಏನೋ ಹೇಳುತ್ತಾ ಹೋದಳು. ಮೇಘಶ್ರೀ ಕನ್ನಡ ಮಾಡದೆ ಚಾ ಲೋಟ ನೋಡುತ್ತಾ ಕೂತಿದ್ದಳು. ಗದರಿದ ಮೇಲೆ ಹೇಳಿದಳು. ಅಷ್ಟು ಜನರ ಮುಂದೆ ನನ್ನ ಸೊಪ್ಪು ಒಳ್ಳೆಯದು ಅಂತ ನಿಂತು ಹೇಳಿದೆಯಲ್ಲ ಮಾಯಿ ಮೇಘ, ನಿನಗೆ ಒಳ್ಳೆಯದಾಗಲಿ ಅನ್ನುತ್ತಿದ್ದಾಳಂತೆ.

ನಾನು ಎಲ್ಲಿ ಹೇಳಿದೆ? ಮುದುಕಿ ಹೋಗುವವರೆಗೆ ಕಾದು, ಆಮೇಲೆ ಮಗಳ ರಟ್ಟೆ ಹಿಡಿದೆ.

"ಅವ್ನಿಗೆ ನೀನು ಏನಂತ ಯೋಳ್ದೆ?"

"ಗೊತ್ತಿದ್ದೇ ತೂಗಿದ್ದು ಅಂದೆ. ನಮ್ಮವ್ವ ಇಪ್ಪತ್ತಾರು ವರ್ಷದಿಂದ ಸೊಪ್ಪು ಮುಟ್ತಿರೋಳು, ಒಳ್ಳೇದು ಅಂದ್ರೆ ಒಳ್ಳೇದೇ, ಬೇಕಾದ್ರೆ ಒಳಗೆ ಕೈ ಹಾಕಿ ನೋಡಿ ಅಂದೆ. ಕೋಟು ತೊಡ್ಸಿದ್ದು ನನ್ ತಪ್ಪು, ಬರ್ಕೊಳಿ ಅಂದೆ."

ನನಗೆ ಬಂದ ಸಿಟ್ಟು ಇಷ್ಟು ಅಂತ ಹೇಳಲಾರೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಆಡಿದ ಮಾತು ತಿರುಗಿಸಲು ನಿನಗೆ ಯಾರು ಹೇಳಿದರು, ಯಾವ ಮುದುಕಿಗೋಸ್ಕರ ನಿನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡೆ, ಬುದ್ಧಿ ಇದೆಯಾ ನಿನಗೆ ಅಂತೆಲ್ಲ. ಕಾಯಂ ಮಾಡುವುದನ್ನು ಗುಂಬೋ ಮೂರು ತಿಂಗಳು ಮುಂದಕ್ಕೆ ಹಾಕಿದ್ದಾನೆ, ಆಮೇಲೆ ನೋಡೋಣ ಅಂದಿದ್ದಾನೆ ಅಂದಳು. ಅದನ್ನು ಕೇಳಿ ನನ್ನ ದನಿ ಇನ್ನೂ ಏರಿತು. ಪಕ್ಕದಲ್ಲಿ ಕೂತ ರೈತರು ತಿರುಗಿ ನೋಡಿದರು.

"ಸುಳ್ಳ್ಯಾಕೆ ಯೋಳ್ದೆ ಅಂತ ಕೇಳ್ತಾವ್ನಿ," ಅಂದೆ.

"ಸೊಪ್ಪು ಚೆನ್ನಾಗಿತ್ತೋ ಇಲ್ವೋ?"

"ಚೆನ್ನಾಗೇ ಇತ್ತು."

"ಮತ್ತೆ ಸುಳ್ಳೆಲ್ಲವ್ವ ಅದು?" ಅಂದಳು. ಚಾ ಲೋಟವನ್ನು ಕೆಳಗಿಟ್ಟಳು. ಆಮೇಲೆ, ನನ್ನ ಮುಖ ನೋಡದೆ ಅಂದಳು: "ಏಳ್ನೇ ಕ್ಲಾಸಲ್ಲಿ ಬುತ್ತಿ ಹಿಡ್ಕೊಂಡು ನಿಂತಿದ್ನಲ್ಲ. ಅವತ್ತು ನಾನು ಮಾತಾಡ್ಬೇಕಾಗಿತ್ತು. ನಂಗೆ ಬಾಯೇ ಬರ್ನಿಲ್ಲ."

ಅಷ್ಟು ವರ್ಷ ಅದನ್ನು ಇವಳು ಹೊತ್ತುಕೊಂಡಿದ್ದಳೇ? ನನ್ನ ಮಾನ ಕಾಯುವುದು ಹನ್ನೆರಡು ವರ್ಷದ ಮಗುವಿನ ಕೆಲಸ ಅಂತ ಯಾರು ಅಂದಿದ್ದರು? ನಾನು ತಲೆ ತೂಗಿ ಮರೆತೆ ಅಂದುಕೊಂಡಿದ್ದನ್ನು ಅವಳು ಹರಾರೆಯವರೆಗೆ ತಂದಿದ್ದಳು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳನ್ನು ತಬ್ಬಿಕೊಂಡು ಅಷ್ಟು ಜನರ ಮುಂದೆ ಜೋರಾಗಿ ಅತ್ತುಬಿಟ್ಟೆ. ರೈತರ ಪೈಕಿ ಒಬ್ಬ, ನಮ್ಮ ಸೊಪ್ಪಿಗೆ ಬೆಲೆ ಬರಲಿಲ್ಲ ಅಂದುಕೊಂಡನೋ ಏನೋ, ತನ್ನ ಹತ್ತಿರ ಇದ್ದ ಬನ್ನು ಮುರಿದು ನಮಗೆ ಅರ್ಧ ಕೊಟ್ಟ.

ಇದಾಗಿ ನಾನು ಊರಿಗೆ ಬಂದೆ. ಫೋನ್ ಬಂದರೆ ಮೊದಲು ಕೇಳುತ್ತಿದ್ದದ್ದು ಕಾಗದದ ಮಾತು. ಆಗಸ್ಟ್ ಕೊನೆಯಲ್ಲಿ ಕಾಗದ ಬಂತು, ಮೇಘಶ್ರೀ ಕಾಯಂ ಆದಳು. ಗುಂಬೋ ಅದರ ಜೊತೆಗೆ, ನಿಮ್ಮವ್ವ ಹೇಳಿದ ಬೇಲು ಕೊನೆಯ ಎಲೆಯವರೆಗೂ ಒಂದೇ ಸಮ ಇತ್ತು ಅಂತ ಹೇಳಿ ಕಳಿಸಿದ್ದ. ಮಾಯಿ ತೆಂಡಾಯಿ ಈ ವರ್ಷವೂ ಸಸಿಮಡಿ ಮಾಡಿದ್ದಾಳಂತೆ.

ಸೆಪ್ಟೆಂಬರಿನಲ್ಲಿ ನಮ್ಮ ಬ್ಯಾರನ್ನಿನಲ್ಲಿ ಬೇಲು ಕಟ್ಟುವ ಕೆಲಸ ಶುರುವಾಯಿತು. ಒಂದು ಸಂಜೆ ಪಂಚಾಕ್ಷರಯ್ಯನವರು ಒಂದು ತೆಕ್ಕೆ ಸೊಪ್ಪು ತಂದು ನನ್ನ ಮುಂದೆ ಹಾಕಿದರು. ಮುಟ್ಟದೆಯೇ ಗೊತ್ತಾಯಿತು, ಒದ್ದೆ. ಇದನ್ನು ನಡುವಿಗೆ ಸೇರಿಸು ಅಂದರು. ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಸೊಪ್ಪನ್ನು ಅವರ ಕಡೆಗೇ ತಳ್ಳಿ, ಎಡಕ್ಕೂ ಬಲಕ್ಕೂ ತಲೆ ಅಲ್ಲಾಡಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ, ಏನಂದೆ ಅಂತ ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಅಲ್ಲಾಡಿಸಿದೆ. ಅದರ ಅರ್ಥ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.